ಮೆಣಸು ಆರಿಸುವ ಘಟಕ ಮುಚ್ಚಿತು. ಆಮದು ಮಾಲಿನಿಂದ ಕೆಲಸ ಹೋದವರಿಗೆ ಸರ್ಕಾರದ ಸಹಾಯ ಏನಾದರೂ ಇದೆಯಾ?

ಹಾರಂಗಿ ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಾನು ಕುಶಾಲನಗರ ತಾಲ್ಲೂಕಿನವಳು. ಕರಿಮೆಣಸು ಕ್ಲೀನ್ ಮಾಡಿ, ಗ್ರೇಡ್ ಮಾಡಿ, ಚೀಲ ತುಂಬಿ ಕಳಿಸುವ ಒಂದು ಘಟಕದಲ್ಲಿ 2012ರ ಫೆಬ್ರವರಿಯಿಂದ ಕೆಲಸ ಮಾಡುತ್ತಿದ್ದೆ. ಈ ಫೆಬ್ರವರಿ ಕೊನೆಗೆ ಅದನ್ನು ಮುಚ್ಚಿದರು. ನಾವು ಒಟ್ಟು 38 ಜನ, ಅದರಲ್ಲಿ ಹೆಂಗಸರೇ ಜಾಸ್ತಿ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ತೋಟದಿಂದ ಬಂದ ಮೆಣಸಿನಲ್ಲಿ ಕಡ್ಡಿ, ಕಲ್ಲು, ಜೊಳ್ಳು ಎಲ್ಲಾ ಇರುತ್ತದೆ. ಗಾಳಿ ಮಿಷನ್ನಿನಲ್ಲಿ ಜೊಳ್ಳು ಹಾರುತ್ತದೆ, ಜರಡಿಯಲ್ಲಿ ಸೈಜ್ ಬೇರೆ ಆಗುತ್ತದೆ. ಆದರೆ ಬೂಷ್ಟು ಹಿಡಿದ ಕಾಳನ್ನು ಕಣ್ಣೇ ಹಿಡಿಯಬೇಕು. ಲೀಟರ್‌ಗೆ 550 ಗ್ರಾಂ ತೂಗುವ ಮಾಲು ಬೇಕು ಅಂತ ಆರ್ಡರ್ ಬಂದರೆ ಅಷ್ಟೇ ತೂಗುವ ಹಾಗೆ ಕೊಡುತ್ತಿದ್ದೆವು. ಉತ್ತರದ ಕಡೆಯ ಮಸಾಲೆ ಕಂಪನಿಗಳು ತಗೊಳ್ಳುತ್ತಿದ್ದವು. ನಮ್ಮ ಚೀಲ ವಾಪಸ್ ಬಂತು ಅನ್ನುವ ಮಾತು ಅಲ್ಲಿ ತುಂಬಾ ಅಪರೂಪ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ.

ಎರಡು ವರ್ಷದಿಂದ ಆರ್ಡರ್ ಕಡಿಮೆ ಆಗುತ್ತಾ ಬಂತು. ಹೊರದೇಶದ ಮೆಣಸು ಅಲ್ಲೇ ಬಂದರಿನಲ್ಲಿ ಕಡಿಮೆ ರೇಟಿಗೆ ಸಿಗುತ್ತದೆ, ಕೊಡಗಿನದು ಯಾಕೆ ಬೇಕು ಅಂತ ಕೊಳ್ಳುವವರು ಕೇಳುತ್ತಾರಂತೆ. ಮಾಲೀಕರು ನಮ್ಮನ್ನು ಕರೆದು ಹೀಗೆ ಹೇಳಿದರು: "ಇದು ನನ್ನ ಕೈ ಮೀರಿ ಆಗಿದ್ದು. ಆಮದಿನ ಮಾಲಿನ ಎದುರು ನಾನು ನಿಲ್ಲೋಕಾಗಲ್ಲ. ಇಂಥ ಸಂದರ್ಭದಲ್ಲಿ ಕಾನೂನಿನ ಪ್ರಕಾರ ಮೂರು ತಿಂಗಳ ಸಂಬಳಕ್ಕಿಂತ ಜಾಸ್ತಿ ಕೊಡಬೇಕಾಗಿಲ್ಲ." ಸದ್ಯಕ್ಕೆ ತಿಂಗಳ ಸಂಬಳದವರಿಗೆಲ್ಲಾ 10,000 ಕೊಟ್ಟರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಹಾಳೆಗೆ ಸೈನ್ ಹಾಕಿಸಿಕೊಂಡರು. ಉಳಿದದ್ದು ನೋಡೋಣ ಅಂದರು.

ನನ್ನ ಮಗಳು ಬಿ.ಕಾಂ ಓದುತ್ತಿದ್ದಾಳೆ. ಅಮೆರಿಕದಲ್ಲಿ ಆಮದಿನಿಂದ ಫ್ಯಾಕ್ಟರಿ ಕೆಲಸ ಹೋದರೆ ಸರ್ಕಾರವೇ ದುಡ್ಡು ಕೊಟ್ಟು ಬೇರೆ ಕೆಲಸ ಕಲಿಸುತ್ತದೆ ಅಂತ ಅವಳ ಪಾಠದಲ್ಲಿ ಬಂತಂತೆ. "ಅಮ್ಮಾ, ನಮ್ಮಲ್ಲೂ ಇರಬೇಕು ಕೇಳು" ಅಂದಳು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಮ್ಮ ದೇಶದಲ್ಲಿ ಅಂಥದ್ದು ಇದೆಯಾ? ಇಲ್ಲದಿದ್ದರೆ ನಮಗೆ ನ್ಯಾಯವಾಗಿ ಬರಬೇಕಾದ್ದು ಎಷ್ಟು? ಸೈನ್ ಹಾಕಿದ ಮೇಲೆ ಮುಗಿಯಿತಾ?

ನನ್ನ ಸಂಬಳ ಕೊನೆಯಲ್ಲಿ 13,000 ಇತ್ತು. ಪಿಎಫ್ 2016ರ ಜೂನ್‌ನಿಂದ ಕಟ್ಟಿದ್ದಾರೆ. ಇಎಸ್‌ಐ (ಕಾರ್ಮಿಕರ ವಿಮೆ) ಇಲ್ಲ. ಈಗ ತೋಟದ ಕೆಲಸಕ್ಕೆ ಹೋಗುತ್ತಿದ್ದೇನೆ. ಅದೂ ಮೆಣಸು ಕೊಯ್ಲು ಮುಗಿಯುವವರೆಗೆ ಮಾತ್ರ. ಆಮೇಲೆ ಮಳೆ ಹಿಡಿದರೆ ಕಷ್ಟ. ದಯವಿಟ್ಟು ಗೊತ್ತಿದ್ದವರು ಹೇಳಿ.

ಗೋಣಿಕೊಪ್ಪ ಬೆಳೆಗಾರ:

ಅಕ್ಕಾ, ಓದಿ ಬೇಜಾರಾಯಿತು. ಸಹಾಯದ ವಿಷಯ ತಿಳಿದವರು ಬರೆಯುತ್ತಾರೆ. ನಾನು ಆಮದಿನ ಕಥೆ ಹೇಳುತ್ತೇನೆ, ಏಕೆಂದರೆ ಅರ್ಜಿ ಬರೆಯುವಾಗ ನಿಮಗೆ ಬೇಕಾಗಬಹುದು.

ಪ್ರಪಂಚದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿಂದ ನೇರವಾಗಿ ತಂದರೆ ಸುಂಕ ಜಾಸ್ತಿ. ಆದರೆ ಶ್ರೀಲಂಕಾ ಜೊತೆ ನಮಗೆ ಮುಕ್ತ ವ್ಯಾಪಾರ ಒಪ್ಪಂದ ಇದೆ. ಅದರಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರಬಹುದು. ಬೇರೆ ದೇಶದ ಮಾಲನ್ನು ಶ್ರೀಲಂಕಾದ್ದು ಅಂತ ಕಾಗದ ಮಾಡಿ ತರುತ್ತಾರೆ ಅನ್ನುವುದು ಬೆಳೆಗಾರರ ಬಹಳ ವರ್ಷದ ದೂರು. 2016ರ ಸುಮಾರಿಗೆ ಕಿಲೋಗೆ 700ರ ಹತ್ತಿರ ಇದ್ದ ಮೆಣಸು ಮುಂದಿನ ಕೆಲವು ವರ್ಷಗಳಲ್ಲಿ ಅರ್ಧಕ್ಕೆ ಬಿತ್ತು. ಆಗ ಸಂಘಗಳು ದೆಹಲಿಗೆ ಹೋದವು, ಸಂಸದರನ್ನು ಹಿಡಿದವು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತು ಮಾಡಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಮೆಣಸು ತರುವುದನ್ನೇ ನಿಷೇಧಿಸಿತು. ಆದರೂ ಇಲ್ಲಿ ಸಂಸ್ಕರಿಸಿ ವಾಪಸ್ ರಫ್ತು ಮಾಡುವವರಿಗೆ ವಿನಾಯಿತಿ ಇದೆ. ಒಳ್ಳೆಯ ಬೆಲೆ ಇರುವ ವರ್ಷ 500 ಅನ್ನುವುದು ತಡೆಯೇ ಅಲ್ಲ, ಅದರ ಮೇಲೆ ಬಿಲ್ ಮಾಡಿ ಸಲೀಸಾಗಿ ತರಬಹುದು.

ನಿಮ್ಮಂಥ ಘಟಕಕ್ಕೆ ಪೆಟ್ಟು ಬಿದ್ದದ್ದು ಇಲ್ಲೇ ಅಂತ ನನ್ನ ಅನಿಸಿಕೆ. ನಮಗೆ ಬೆಲೆ ಸಿಕ್ಕರೂ ಮಾಲು ಕೊಡಗಿನಲ್ಲಿ ಕ್ಲೀನ್ ಆಗಿ ಹೋಗುವುದು ಕಡಿಮೆಯಾಗುತ್ತಿದೆ. ಮಾಲು ಬಂದರಿನ ಹತ್ತಿರವೇ ಇಳಿದರೆ ಆರಿಸುವ ಕೆಲಸವೂ ಅಲ್ಲಿಗೇ ಹೋಯಿತು.

ಹಳೇ ಯೂನಿಯನ್, ಸೋಮವಾರಪೇಟೆ:

ತಂಗೀ, ನಿನ್ನ ಮಗಳು ಓದಿದ್ದು ಸುಳ್ಳಲ್ಲ. ಆದರೆ ಅದು ಈಗ ಪೂರ್ತಿ ನಿಜವೂ ಅಲ್ಲ. ನಾನು ಬಟ್ಟೆ ಮಿಲ್ಲಿನಲ್ಲಿ ಇದ್ದವನು, ಮಿಲ್ ಮುಚ್ಚಿದ ಮೇಲೆ ಊರಿಗೆ ಬಂದವನು. ಈ ವಿಷಯ ಸುಮಾರು ಓದಿಕೊಂಡಿದ್ದೇನೆ.

ಅಮೆರಿಕದಲ್ಲಿ ಅಧ್ಯಕ್ಷ ಕೆನಡಿ ಕಾಲದಲ್ಲಿ, 1962ರಲ್ಲಿ, ಈ ಯೋಜನೆ ಬಂತು. ಸುಂಕ ಇಳಿಸಿ ವ್ಯಾಪಾರ ತೆರೆದರೆ ದೇಶಕ್ಕೆ ಲಾಭ, ಆದರೆ ಕೆಲವರ ಕೆಲಸ ಹೋಗುತ್ತದೆ. ಲಾಭ ಎಲ್ಲರದ್ದಾದರೆ ಆ ನಷ್ಟವನ್ನೂ ಎಲ್ಲರೂ ಹೊರಬೇಕು ಅನ್ನುವುದು ಅದರ ಹಿಂದಿನ ಮಾತು. ಮಾತು ಚೆನ್ನಾಗಿತ್ತು, ನಿಯಮ ಮಾತ್ರ ಬಿಗಿ. 1969ರವರೆಗೆ ಒಂದು ಅರ್ಜಿಯೂ ಪಾಸಾಗಲಿಲ್ಲ. 1974ರಲ್ಲಿ ಕಾನೂನು ಸಡಿಲಿಸಿದ ಮೇಲೆ ಜನಕ್ಕೆ ಸಿಗತೊಡಗಿತು. ಮೂರು ಜನ ಕೆಲಸಗಾರರು ಸೇರಿ ಅರ್ಜಿ ಹಾಕಿದರೂ ಸಾಕಾಗಿತ್ತು. ಯೂನಿಯನ್ ಹಾಕಬಹುದು, ಮಾಲೀಕನೂ ಹಾಕಬಹುದು. ಆಮದಿನಿಂದಲೇ ಕೆಲಸ ಹೋಯಿತು ಅಂತ ಸರ್ಕಾರ ವಿಚಾರಿಸಿ ಒಪ್ಪಿದರೆ ಹೊಸ ಕೆಲಸ ಕಲಿಯುವ ಖರ್ಚು ಕೊಡುತ್ತಿದ್ದರು. ಕಲಿಯುವಾಗ ಮನೆ ನಡೆಯಲು ವಾರ ವಾರ ಭತ್ಯೆ. 50 ದಾಟಿದವರಿಗೆ ಬೇರೆ ಅನುಕೂಲ ಇತ್ತು. ಕಡಿಮೆ ಸಂಬಳದ ಕೆಲಸ ಸಿಕ್ಕರೆ, ಹಳೆ ಸಂಬಳಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಅರ್ಧವನ್ನು ಎರಡು ವರ್ಷದಲ್ಲಿ 10,000 ಡಾಲರ್‌ವರೆಗೆ ತುಂಬಿಕೊಡುತ್ತಿದ್ದರು. ಈ ಕೊನೆಯದು ನನಗೆ ಬಹಳ ಹಿಡಿಸಿದ್ದು. ವಯಸ್ಸಾದವನನ್ನು ಮತ್ತೆ ಕ್ಲಾಸಿನಲ್ಲಿ ಕೂರಿಸುವುದಕ್ಕಿಂತ ಅವನಿಗೆ ಸಿಕ್ಕ ಕೆಲಸದಲ್ಲಿ ಮರ್ಯಾದೆಯಿಂದ ಬದುಕಲು ಬಿಡುವುದು ಅದು.

ಆದರೆ ಆ ಕಾನೂನಿನ ಅವಧಿ ಮುಗಿದಾಗ ಅವರ ಸಂಸತ್ತು ಮುಂದುವರಿಸಲಿಲ್ಲ. 2022ರ ಜುಲೈ 1ರಿಂದ ಹೊಸಬರಿಗೆ ಬಾಗಿಲು ಮುಚ್ಚಿದೆ. ಮಗಳ ಪುಸ್ತಕ ಅದಕ್ಕಿಂತ ಹಳೆಯದಿರಬೇಕು.

ಯುರೋಪಿನಲ್ಲಿ ಇಂಥದ್ದೇ ಒಂದು ನಿಧಿ ಇದೆ, 2007ರಿಂದ ನಡೆಯುತ್ತಿದೆ. ಈಗಿನ ನಿಯಮದಲ್ಲಿ 200 ಜನರ ಕೆಲಸ ಹೋದರೆ ಒಂದು ದೇಶ ಅದರಿಂದ ಹಣ ಕೇಳಬಹುದು. ಆ ಹಣ ಮಾಲೀಕನಿಗೆ ಹೋಗುವುದಿಲ್ಲ. ತರಬೇತಿ, ಕೆಲಸ ಹುಡುಕಿಕೊಡುವುದು, ಸ್ವಂತ ಉದ್ಯೋಗಕ್ಕೆ ಸಹಾಯ ಹೀಗೆ ಕೆಲಸಗಾರನಿಗೇ.

ಇನ್ನು ನಮ್ಮದು. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಅಂತಲೇ ಮಾಡಿದ ಯೋಜನೆ ಭಾರತದಲ್ಲಿ ಇಲ್ಲ. ಹತ್ತಿರ ಬಂದವು ಎರಡು. 1986ರಲ್ಲಿ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಬಂತು. ಖಾಸಗಿ ಮಿಲ್ ಪೂರ್ತಿ ಮುಚ್ಚಿದರೆ ಮೊದಲ ವರ್ಷ ಸಂಬಳದ ಶೇ. 75, ಎರಡನೇ ವರ್ಷ ಶೇ. 50, ಮೂರನೇ ವರ್ಷ ಶೇ. 25 ಕೊಡುವ ಯೋಜನೆ. 2017ರ ಏಪ್ರಿಲ್‌ನಿಂದ ಅದನ್ನು ಇಎಸ್‌ಐಯ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯಲ್ಲಿ ಸೇರಿಸಿಬಿಟ್ಟರು. ಅಂದರೆ ಇಎಸ್‌ಐ ಇಲ್ಲದವನಿಗೆ ಅದೂ ಇಲ್ಲ. ಇನ್ನೊಂದು 1992ರ ರಾಷ್ಟ್ರೀಯ ನವೀಕರಣ ನಿಧಿ. ಆರ್ಥಿಕ ಸುಧಾರಣೆಯಿಂದ ಕೆಲಸ ಹೋದವರಿಗೆ ಮರುತರಬೇತಿ ಅಂತ ಹೇಳಿ ಶುರು ಮಾಡಿದರು. ಅದರ ಬಹುಪಾಲು ಸರ್ಕಾರಿ ಕಂಪನಿಗಳ ಸ್ವಯಂ ನಿವೃತ್ತಿಗೇ ಹೋಯಿತು. ಆಮೇಲೆ ಅದೂ ನಿಂತಿತು.

ನನಗೆ ಸಿಟ್ಟು ಬರುವುದು ಎಲ್ಲಿ ಗೊತ್ತಾ? ಆಮದಿನಿಂದ ಪೆಟ್ಟು ಬಿತ್ತು ಅಂದರೆ ನಮ್ಮ ಸರ್ಕಾರ ಕೈ ಕಟ್ಟಿ ಕೂರುವುದಿಲ್ಲ. ಕನಿಷ್ಠ ಬೆಲೆ ಹಾಕುತ್ತದೆ, ಸುಂಕ ಏರಿಸುತ್ತದೆ, ಹೊರದೇಶದವರು ತೀರಾ ಕಡಿಮೆ ಬೆಲೆಗೆ ಮಾಲು ತಂದು ಸುರಿದರೆ ಸುರಿವಿಕೆ ತಡೆ (ಆ್ಯಂಟಿ ಡಂಪಿಂಗ್) ಸುಂಕ ಹಾಕುತ್ತದೆ. 1995ರ ಸುರಿವಿಕೆ ತಡೆ ನಿಯಮ ತೆಗೆದು ನೋಡಿ. ಉದ್ಯಮಕ್ಕೆ ಹಾನಿ ಆಗಿದೆಯಾ ಅಂತ ಅಳೆಯುವಾಗ ಉತ್ಪಾದನೆ, ಲಾಭದ ಜೊತೆ ಉದ್ಯೋಗ, ಕೂಲಿ ಎರಡನ್ನೂ ಲೆಕ್ಕ ಹಿಡಿಯಬೇಕು ಅಂತ ಅದರಲ್ಲೇ ಬರೆದಿದೆ. ಅಂದರೆ ನಿನ್ನಂಥವರ ಕೆಲಸ ಹೋದದ್ದು ಅಲ್ಲಿ ಸಾಕ್ಷಿ ಆಗುತ್ತದೆ. ಆದರೆ ಆ ಸಾಕ್ಷಿಯಿಂದ ಬಂದ ಸುಂಕ ಖಜಾನೆಗೆ, ಅದರ ರಕ್ಷಣೆ ಉದ್ಯಮಕ್ಕೆ. ಕೆಲಸ ಹೋದವಳಿಗೆ ಒಂದು ಬಿಡಿಗಾಸೂ ಇಲ್ಲ. ಮೆಣಸಿಗೆ 500ರ ಬೆಲೆ ಹಾಕಿದಾಗಲೂ ಹಾಗೇ. ಬೆಳೆಗಾರರಿಗೆ ಅದು ಬೇಕಿತ್ತು, ತಪ್ಪಲ್ಲ. ಆದರೆ ಜರಡಿ ಹಿಡಿದವರ ಬಗ್ಗೆ ಯಾರೂ ಮಾತಾಡಲಿಲ್ಲ. ಸುಂಕದ ಒಂದು ಪಾಲು ಇಂಥವರ ಹೆಸರಿನಲ್ಲಿ ಇಡಬೇಕು ಅಂತ ನಾನು ಮೊದಲಿನಿಂದ ಹೇಳುತ್ತಾ ಬಂದಿದ್ದೇನೆ, ಈಗಲೂ ಹೇಳುತ್ತೇನೆ.

ಸದ್ಯಕ್ಕೆ ನಿನಗೆ ಇರುವ ದಾರಿ ಮಾಲೀಕರಿಂದ ಬರಬೇಕಾದ್ದನ್ನು ಪೂರ್ತಿ ವಸೂಲಿ ಮಾಡುವುದು. ಅದನ್ನು ಬಿಡಬೇಡ.

ವಿರಾಜಪೇಟೆ ವಕೀಲೆ:

ಹಿರಿಯರು ಹೇಳಿದ್ದು ಸರಿ. ಯೋಜನೆ ಇಲ್ಲ, ಆದರೆ ಹಕ್ಕು ಇದೆ. ಮಾಲೀಕರು ಹೇಳಿದ ಮೂರು ತಿಂಗಳ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಬಹಳ ಜನ ಅಲ್ಲೇ ಸುಮ್ಮನಾಗುತ್ತಾರೆ.

ಸಂಸ್ಥೆ ಮುಚ್ಚಿದರೆ ಕನಿಷ್ಠ ಒಂದು ವರ್ಷ ಸತತ ಸೇವೆ ಮಾಡಿದವರಿಗೆ, ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ ಕೊಡಬೇಕು. ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ. ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಲೆಕ್ಕ ಹಾಗೇ ಇದೆ. ಮಾಲೀಕರ ಕೈ ಮೀರಿದ, ತಪ್ಪಿಸಲಾಗದ ಕಾರಣಕ್ಕೆ ಮುಚ್ಚಿದರೆ ಮಾತ್ರ ಪರಿಹಾರಕ್ಕೆ ಮೂರು ತಿಂಗಳ ಮಿತಿ. ನಿಮ್ಮ ಮಾಲೀಕರು ಹಿಡಿದಿರುವುದು ಇದನ್ನೇ. ಆದರೆ ಅದೇ ಸೆಕ್ಷನ್ನಿನ ಕೆಳಗೆ ವಿವರಣೆ ಇದೆ. ಹಣಕಾಸಿನ ತೊಂದರೆ, ನಷ್ಟ, ಮಾರಾಟವಾಗದೆ ಉಳಿದ ದಾಸ್ತಾನು, ಇವಿಷ್ಟರಿಂದಲೇ ಮುಚ್ಚಿದ್ದನ್ನು ಕೈ ಮೀರಿದ ಕಾರಣ ಅಂತ ಒಪ್ಪಲಾಗದು ಅಂತ ಸ್ಪಷ್ಟವಾಗಿ ಬರೆದಿದೆ. ಆಮದು ಮಾಲಿನಿಂದ ವ್ಯಾಪಾರ ಕುಸಿಯಿತು ಅಂದರೆ ಅದು ನಷ್ಟವೇ ಅಲ್ವಾ? ಹಾಗಾಗಿ ಮೂರು ತಿಂಗಳ ಮಿತಿ ಇಲ್ಲಿ ನಿಲ್ಲುವುದು ಕಷ್ಟ.

ನಿಮ್ಮ ಲೆಕ್ಕ ನೋಡೋಣ. 13,000 ಪೂರ್ತಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಅಂತ ಹಿಡಿದಿದ್ದೇನೆ. 15 ದಿನಕ್ಕೆ 6,500. 14 ವರ್ಷಕ್ಕೆ 91,000. ನೋಟಿಸ್ ಬದಲಿಗೆ 13,000. ಇದರ ಮೇಲೆ ಗ್ರಾಚ್ಯುಟಿ ಬೇರೆ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಹಣ. ಅದರಲ್ಲಿ ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ. 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. 14 ವರ್ಷಕ್ಕೆ 1,05,000. ಎಲ್ಲಾ ಸೇರಿ 2,09,000. ಅದರಲ್ಲಿ 10,000 ಬಂದಿದೆ. ಬಾಕಿ ಸಂಬಳ, ಬೋನಸ್, ಉಳಿದ ರಜೆಯ ಹಣ ಇದ್ದರೆ ಅದು ಇದರಲ್ಲಿ ಸೇರಿಲ್ಲ.

ಸೈನ್ ವಿಷಯ. ಗ್ರಾಚ್ಯುಟಿ ಹಕ್ಕನ್ನು ಯಾವ ಒಪ್ಪಂದದಿಂದಲೂ ಕಿತ್ತುಕೊಳ್ಳಲು ಬರುವುದಿಲ್ಲ. ಉಳಿದ ಪರಿಹಾರಕ್ಕೂ, ಓದಲು ಬಾರದ ಭಾಷೆಯ ಹಾಳೆಗೆ 10,000 ಕೊಟ್ಟು ಹಾಕಿಸಿಕೊಂಡ ಸೈನ್ ಕೊನೆಯ ಮಾತಲ್ಲ. ಆ ಹಾಳೆಯ ಪ್ರತಿ ಬೇಕು ಅಂತ ಬರಹದಲ್ಲಿ ಕೇಳಿ. ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಆಮೇಲೆ ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಡಿ. ಗ್ರಾಚ್ಯುಟಿಗೆ ಒಂದು, ಪರಿಹಾರಕ್ಕೆ ಒಂದು, ಬೇರೆ ಬೇರೆ. ಅಧಿಕಾರಿ ಮಾಲೀಕರನ್ನು ಕರೆಸಿ ರಾಜಿ ಮಾತುಕತೆ ಮಾಡುತ್ತಾರೆ. ಆಗದಿದ್ದರೆ ಮುಂದಿನ ಹಂತ. ತಡ ಮಾಡಬೇಡಿ. ಹೊಸ ಸಂಹಿತೆಯಲ್ಲಿ ನೇರವಾಗಿ ನ್ಯಾಯಮಂಡಳಿಗೆ ಹೋಗುವ ಅವಧಿಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಿದ್ದಾರೆ. ಹೊಸದಾಗಿ ಬಂದ ಇನ್ನೊಂದು ವಿಷಯ ಮರುಕೌಶಲ ನಿಧಿ. ಕೆಲಸದಿಂದ ಕಡಿತ ಆದ ಪ್ರತಿಯೊಬ್ಬರ ಲೆಕ್ಕದಲ್ಲಿ ಮಾಲೀಕರು 15 ದಿನದ ಸಂಬಳ ಕಟ್ಟಬೇಕು, ಅದು 45 ದಿನದೊಳಗೆ ಕೆಲಸಗಾರರ ಖಾತೆಗೆ ಬರಬೇಕು. ಘಟಕ ಪೂರ್ತಿ ಮುಚ್ಚಿದಾಗಲೂ ಅನ್ವಯಿಸುತ್ತದೆ ಅಂತ ವಾದ ಮಾಡಬೇಕಾಗಬಹುದು. ಆದರೂ ಅರ್ಜಿಯಲ್ಲಿ ಕೇಳಿಬಿಡಿ.

ವಕೀಲರ ಫೀಸ್ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೂ ಕೈಗಾರಿಕಾ ಕೆಲಸಗಾರರಿಗೂ ಉಚಿತ ಕಾನೂನು ನೆರವು ಇದೆ, ಆದಾಯ ಎಷ್ಟೇ ಇರಲಿ. ಮಡಿಕೇರಿ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ಸಾಕು.

ಪೊನ್ನಂಪೇಟೆಯವ:

ಇಎಸ್‌ಐ ಇದ್ದವರು ಯಾರಾದರೂ ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲಿ ಎಲ್ಇಡಿ ಬಲ್ಬ್ ಜೋಡಿಸುವ ಲೈನಿನಲ್ಲಿದ್ದೆ. ಚೀನಾದಿಂದ ರೆಡಿ ಮಾಲು ತರಿಸೋಕೆ ಶುರು ಮಾಡಿದ ಮೇಲೆ ಲೈನ್ ನಿಲ್ಲಿಸಿದರು. ನನಗೆ ಸಿಕ್ಕಿದ್ದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯ ಹಣ. ಸರಾಸರಿ ದಿನಗೂಲಿಯ ಅರ್ಧ, ಜೀವನದಲ್ಲಿ ಒಂದೇ ಸಲ, ಜಾಸ್ತಿ ಅಂದರೆ 90 ದಿನಕ್ಕೆ. ಅದು ಕೈಗೆ ಬಂದಾಗ ಬಾಡಿಗೆ ಕಟ್ಟಿದೆ, ಸಾಮಾನು ಊರಿಗೆ ತಂದೆ. ಫ್ಯಾಕ್ಟರಿ ಮುಚ್ಚಿ ಅಥವಾ ಕಡಿತ ಮಾಡಿ ಕೆಲಸ ಹೋದವರು ಮೊದಲು ರಾಜೀವ್ ಗಾಂಧಿ ಯೋಜನೆಯನ್ನು ಕೇಳಿ. ಅದು 24 ತಿಂಗಳವರೆಗೆ ಬರುತ್ತದೆ, ಮೊದಲ ವರ್ಷ ಅರ್ಧ, ಎರಡನೇ ವರ್ಷ ಕಾಲು ಭಾಗ. ರಾಜೀನಾಮೆ ಅಂತ ಬರೆಸಿಕೊಂಡರೆ ಅದು ಸಿಗಲ್ಲ. ದಯವಿಟ್ಟು ಯಾರೂ ರಾಜೀನಾಮೆ ಪತ್ರಕ್ಕೆ ಸೈನ್ ಹಾಕಬೇಡಿ.

ಹಾರಂಗಿ ಕಡೆಯವಳು:

ಎಲ್ಲರಿಗೂ ತುಂಬಾ ಧನ್ಯವಾದ. ವಕೀಲೆ ಮೇಡಂ, ನೀವು ಬರೆದ 2,09,000 ಓದಿ ಮಗಳಿಗೆ ಮತ್ತೊಂದು ಸಲ ಲೆಕ್ಕ ಮಾಡಲು ಹೇಳಿದೆ. ಅವಳಿಗೂ ಅಷ್ಟೇ ಬಂತು. ನಮಗೆ ಇದನ್ನು ಯಾರೂ ಹೇಳಿರಲಿಲ್ಲ.

ನಾವು ಕೆಲವರು ಸೇರಿ ಕೂತು ಮಾತಾಡಿದೆವು. ಮೂರು ಪ್ರಶ್ನೆ ಬಂತು. ಒಂದು, ನಮ್ಮದು ಸೀಸನ್ ಕೆಲಸ, ಗ್ರಾಚ್ಯುಟಿ ಕಡಿಮೆ ಅಂತ ಆಫೀಸಿನವರು ಹೇಳುತ್ತಿದ್ದಾರೆ. ಡಿಸೆಂಬರಿನಿಂದ ಮೇವರೆಗೆ ಕೆಲಸ ಜಾಸ್ತಿ ಅನ್ನುವುದು ನಿಜ. ಆದರೆ ಮಳೆಗಾಲದಲ್ಲಿ ನಾವು ಮನೆಯಲ್ಲಿ ಕೂತಿರಲಿಲ್ಲ. ಗೋಡೌನಿನ ಮಾಲಿಗೆ ಬೂಷ್ಟು ಹಿಡಿಯದ ಹಾಗೆ ಡ್ರೈಯರ್‌ಗೆ ಹಾಕುವುದು, ಮತ್ತೆ ಆರಿಸುವುದು, ಪ್ಯಾಕ್ ಮಾಡುವುದು ಎಲ್ಲಾ ಆಗಲೇ. ಎರಡು, ಸೈಬರ್ ಸೆಂಟರಿನವನು ಪಿಎಫ್, ಪಿಂಚಣಿ ಎರಡನ್ನೂ ಒಟ್ಟಿಗೆ ತೆಗೆದುಕೊಡುತ್ತೇನೆ ಅನ್ನುತ್ತಿದ್ದಾನೆ. ತೆಗೆಯಬಹುದಾ? ಮೂರನೆಯದು ನನಗೆ ಬಹಳ ಮುಖ್ಯ. ನಮ್ಮಲ್ಲಿ ಒಂಬತ್ತು ಹೆಂಗಸರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಒಬ್ಬ ಮೇಸ್ತ್ರಿ ಕೈಯಿಂದ ದುಡ್ಡು ಬರುತ್ತಿತ್ತು. ಅವರಿಗೆ ಪಿಎಫ್ ಇಲ್ಲ, ಸೈನ್ ಕೂಡ ತಗೊಂಡಿಲ್ಲ, 10,000ವೂ ಕೊಟ್ಟಿಲ್ಲ. ನನ್ನ ಪಕ್ಕದಲ್ಲೇ ಕೂತು ಅದೇ ಮೆಣಸು ಆರಿಸಿದವರು. ಅವರನ್ನು ಬಿಟ್ಟು ನಾನು ಮಡಿಕೇರಿಗೆ ಹೋಗುವುದಿಲ್ಲ.

ವಿರಾಜಪೇಟೆ ವಕೀಲೆ:

ಸೀಸನ್ ಪ್ರಶ್ನೆ ಚೆನ್ನಾಗಿದೆ, ಏಕೆಂದರೆ ದುಡ್ಡಿನಲ್ಲಿ ದೊಡ್ಡ ವ್ಯತ್ಯಾಸ. ಸೀಸನ್ ಸಂಸ್ಥೆಯಲ್ಲಿ ವರ್ಷಪೂರ್ತಿ ಕೆಲಸ ಇಲ್ಲದವರಿಗೆ ಒಂದು ಸೀಸನ್‌ಗೆ 7 ದಿನದ ಗ್ರಾಚ್ಯುಟಿ ಮಾತ್ರ. ನಿಮ್ಮ ಸಂಬಳಕ್ಕೆ ಅದು 49,000 ಆಗುತ್ತದೆ, 1,05,000 ಅಲ್ಲ. ಆದರೆ ನೀವು ಮಳೆಗಾಲದಲ್ಲೂ ಕೆಲಸ ಮಾಡಿದ್ದೀರಿ. ಅದಕ್ಕೆ ಸಾಕ್ಷಿ ನಿಮ್ಮ ಪಿಎಫ್ ಪಾಸ್‌ಬುಕ್ಕಿನಲ್ಲೇ ಇದೆ. ಜೂನ್, ಜುಲೈ, ಆಗಸ್ಟ್ ತಿಂಗಳಿನಲ್ಲಿ ಹಣ ಕಟ್ಟಿದ್ದಾರಾ ನೋಡಿ. ಕಟ್ಟಿದ್ದರೆ ಆ ತಿಂಗಳು ಸಂಬಳ ಕೊಟ್ಟಿದ್ದಾರೆ ಅಂತ ಅವರೇ ಬರೆದುಕೊಟ್ಟ ಹಾಗಾಯಿತು. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ಸಿಗುತ್ತದೆ. ಎಲ್ಲಾ ವರ್ಷದ್ದೂ ಪ್ರಿಂಟ್ ತೆಗೆಸಿ, ಮಳೆಗಾಲದ ಸಾಲುಗಳ ಕೆಳಗೆ ಗೆರೆ ಎಳೆದುಕೊಳ್ಳಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಂಬಳ ಬಂದಿದ್ದರೆ ಅದೂ ಇರಲಿ.

ಪಿಎಫ್ ಮತ್ತು ಪಿಂಚಣಿ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಒಂದು ತಿಂಗಳು ಕೆಲಸ ಇಲ್ಲದಿದ್ದರೆ ಪಿಎಫ್‌ನ ಮುಕ್ಕಾಲು ಪಾಲು ತೆಗೆಯಬಹುದು. ಉಳಿದದ್ದಕ್ಕೆ ಎಷ್ಟು ಕಾಯಬೇಕು ಅನ್ನುವ ನಿಯಮವನ್ನು ಬದಲಿಸುವ ತೀರ್ಮಾನ 2025ರ ಅಕ್ಟೋಬರ್‌ನಲ್ಲಿ ಆಗಿದೆ. ಕ್ಲೇಮ್ ಹಾಕುವ ದಿನ ಏನಿದೆಯೋ ನೋಡಿ ಹಾಕಿ. ಪಿಂಚಣಿಯನ್ನು ಮಾತ್ರ ಮುಟ್ಟಬೇಡಿ. 2016ರ ಜೂನ್‌ನಿಂದ ಈ ಫೆಬ್ರವರಿವರೆಗೆ ನಿಮ್ಮದು 9 ವರ್ಷ 9 ತಿಂಗಳು. ಆರು ತಿಂಗಳು ದಾಟಿದ್ದನ್ನು ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ. ಅಂದರೆ ನಿಮಗೆ 10 ವರ್ಷ ಆಯಿತು, 58ಕ್ಕೆ ಪಿಂಚಣಿ ಬರುತ್ತದೆ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು 10ರಿಂದ ಗುಣಿಸಿ 70ರಿಂದ ಭಾಗಿಸುವುದು ಲೆಕ್ಕ. ಸರಾಸರಿ 11,900 ಅಂತಿಟ್ಟುಕೊಂಡರೆ ತಿಂಗಳಿಗೆ 1,700. ದೊಡ್ಡ ಮೊತ್ತ ಅಲ್ಲ, ಆದರೆ ಜೀವ ಇರುವವರೆಗೆ ಬರುವ ಹಣ. ಆ ಸೈಬರ್ ಸೆಂಟರಿನವರಿಗೆ ಬೇಡ ಅಂತ ಹೇಳಿಬಿಡಿ. 10 ವರ್ಷ ಆಗದ ನಿಮ್ಮ ಜೊತೆಯವರು ಸ್ಕೀಮ್ ಸರ್ಟಿಫಿಕೇಟ್ ತಗೊಳ್ಳಲಿ. ಮುಂದೆ ಎಲ್ಲಾದರೂ ಪಿಎಫ್ ಇರುವ ಕೆಲಸ ಸಿಕ್ಕರೆ ಹಳೆಯ ವರ್ಷಗಳು ಅದಕ್ಕೆ ಸೇರುತ್ತವೆ. 2012ರಿಂದ 2016ರವರೆಗೆ ಪಿಎಫ್ ಯಾಕೆ ಕಟ್ಟಲಿಲ್ಲ ಅನ್ನುವುದನ್ನು ಪಿಎಫ್ ಕಚೇರಿಗೆ ಬೇರೆ ದೂರಾಗಿ ಬರೆಯಿರಿ. ಅದನ್ನು ಇದರ ಜೊತೆ ಬೆರೆಸಬೇಡಿ.

ಈಗ ಆ ಒಂಬತ್ತು ಜನ. ಕಿಲೋ ಲೆಕ್ಕದ ಕೂಲಿ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಮುಚ್ಚುವ ಮೊದಲಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಸತತ ಸೇವೆ ಆಯಿತು. ಸಂಬಳ ಸಿಗುವ ವಾರದ ರಜೆ, ಹಬ್ಬದ ರಜೆಯೂ ಆ ಎಣಿಕೆಗೆ ಸೇರುತ್ತದೆ. ಕಷ್ಟ ಇರುವುದು ಮೇಸ್ತ್ರಿ ವಿಷಯದಲ್ಲಿ. ಅವರು ಕಂಟ್ರಾಕ್ಟರ್ ಕೆಲಸಗಾರರು, ನಮ್ಮವರಲ್ಲ ಅಂತ ಮಾಲೀಕರು ಹೇಳುತ್ತಾರೆ. ಆಗ ಕೇಳಬೇಕಾದ್ದು ಇಷ್ಟು. ದಿನದ ಕೆಲಸ ಹೇಳುತ್ತಿದ್ದವರು ಯಾರು? ತೂಕ ಬರೆಯುತ್ತಿದ್ದವರು ಯಾರು? ಹಾಜರಿ ಯಾರ ಪುಸ್ತಕದಲ್ಲಿ? ಮೇಸ್ತ್ರಿಗೆ ಲೈಸೆನ್ಸ್ ಇತ್ತಾ? ಎಲ್ಲವೂ ಘಟಕದ ಸೂಪರ್‌ವೈಸರ್ ಕೈಯಲ್ಲೇ ಇತ್ತು ಅಂತಾದರೆ, ಮೇಸ್ತ್ರಿ ಹೆಸರಿಗೆ ಮಾತ್ರ, ಅವರು ಘಟಕದ ಕೆಲಸಗಾರರೇ ಅಂತ ವಾದಿಸಬಹುದು. ಬಾಕಿ ಕೂಲಿ ಇದ್ದರೆ ಮೇಸ್ತ್ರಿ ಕೊಡದಿದ್ದಾಗ ಕೊಡುವ ಹೊಣೆ ಘಟಕದ್ದೇ. ನಿಮ್ಮಂಥ ಪಿಎಫ್ ಇದ್ದವರು "ಇವರು ನಮ್ಮ ಪಕ್ಕದಲ್ಲೇ ಕೆಲಸ ಮಾಡಿದರು" ಅಂತ ಬರೆದುಕೊಟ್ಟರೆ ಅದಕ್ಕೆ ಬಹಳ ಬೆಲೆ ಇದೆ.

ಹಳೇ ಯೂನಿಯನ್, ಸೋಮವಾರಪೇಟೆ:

ತೂಕದ ಚೀಟಿ ಯಾರ ಹತ್ತಿರವಾದರೂ ಉಳಿದಿದೆಯಾ ಕೇಳು ತಂಗೀ. ಹಿಂದೆ ನಮ್ಮ ಮಿಲ್ಲಿನಲ್ಲಿ ಒಬ್ಬಾಕೆ ಹಳೆ ಕೂಲಿ ಚೀಟಿಗಳನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳು. ಕೇಸು ನಿಂತದ್ದೇ ಅದರ ಮೇಲೆ. ಅರ್ಜಿಯಲ್ಲಿ ಎಲ್ಲರ ಹೆಸರನ್ನೂ ಹಾಕು. ಒಬ್ಬೊಬ್ಬರನ್ನು ಕರೆದು ಬೇರೆ ಮಾಡಲು ನೋಡುತ್ತಾರೆ, ಬಿಡಬೇಡಿ. ಒಂದು ಪ್ರತಿಯನ್ನು ಸಂಸದರಿಗೂ ಶಾಸಕರಿಗೂ ಕೊಡಿ. ಆಮದು ಮಾಲಿನಿಂದ ಘಟಕ ಮುಚ್ಚಿದೆ, ಇಷ್ಟು ಜನರ ಕೆಲಸ ಹೋಗಿದೆ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಮುಂದಿನ ಸಲ ಮೆಣಸಿನ ಆಮದು ಬೆಲೆಯ ಮಾತು ದೆಹಲಿಯಲ್ಲಿ ಬಂದಾಗ ನಿಮ್ಮ ಕಾಗದವೂ ಆ ಫೈಲಿನಲ್ಲಿ ಇರಬೇಕು.

ಗೋಣಿಕೊಪ್ಪ ಬೆಳೆಗಾರ:

ಆ ಪತ್ರವನ್ನು ನನಗೂ ಕಳಿಸಿ ಅಕ್ಕಾ. ನಮ್ಮ ಸಂಘದ ಮುಂದಿನ ಸಭೆಯಲ್ಲಿ ಓದಿಸುತ್ತೇನೆ. ಬೆಲೆಯ ಬೇಡಿಕೆ ಜೊತೆ ಇದನ್ನೂ ಸೇರಿಸಿ ಅಂತ ಕೇಳುತ್ತೇನೆ. ನಾವು ಬೆಳೆದದ್ದನ್ನು ಮಾರಾಟದ ಮಾಲು ಮಾಡಿದ್ದು ನೀವು.

ಹಾರಂಗಿ ಕಡೆಯವಳು:

ಆಗಲಿ ಅಣ್ಣ, ಕಳಿಸುತ್ತೇನೆ. ಪಾಸ್‌ಬುಕ್ ತೆಗೆದು ನೋಡಿದೆ. ಮಳೆಗಾಲದ ತಿಂಗಳುಗಳಲ್ಲೂ ಪಿಎಫ್ ಕಟ್ಟಿದ್ದಾರೆ. ತೂಕದ ಚೀಟಿ ಇಬ್ಬರ ಹತ್ತಿರ ಇದೆ, ಒಂದರಲ್ಲಿ ಸೂಪರ್‌ವೈಸರ್ ಸೈನ್ ಕೂಡ ಇದೆ. ಸೋಮವಾರ ಬೆಳಿಗ್ಗೆ ಮಡಿಕೇರಿ ಬಸ್ಸಿಗೆ ಹೋಗುತ್ತಿದ್ದೇವೆ, ಆ ಒಂಬತ್ತು ಜನರೂ ಬರುತ್ತಾರೆ. ಮೇಡಂ, ಅರ್ಜಿ ಕನ್ನಡದಲ್ಲೇ ಬರೆದರೆ ಸಾಕಲ್ವಾ? ಆಧಾರ್ ಜೆರಾಕ್ಸ್ ಬಿಟ್ಟು ಇನ್ನೇನು ತರಬೇಕು?

ವಿರಾಜಪೇಟೆ ವಕೀಲೆ:

ಕನ್ನಡದಲ್ಲೇ ಬರೆಯಿರಿ. ಪಿಎಫ್ ಪಾಸ್‌ಬುಕ್ ಪ್ರಿಂಟ್, ಬ್ಯಾಂಕ್ ಪಾಸ್‌ಬುಕ್, ಐಡಿ ಕಾರ್ಡ್ ಇದ್ದರೆ ಅದು, ಆ ತೂಕದ ಚೀಟಿಗಳು. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಮಾತ್ರ ಕೊಡಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲ್ ಮತ್ತು ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.